ರೋಗಿಯ ಕೋಣೆಯೂ ಪ್ರಣಯದ ಕಾದಂಬರಿಯೂ

ನಮ್ಮ ಪ್ರಾಚೀನ ಆಲಂಕಾರಿಕರು ಪ್ರಣಯಿಗಳ ಹತ್ತು ಅವಸ್ಥೆಗಳನ್ನು ಎಣಿಸುವಾಗ ವ್ಯಾಧಿಗೆ ಎಂಟನೆಯ ಸ್ಥಾನವನ್ನು ಕೊಟ್ಟಿದ್ದಾರೆ. ಅಭಿಲಾಷೆ, ಚಿಂತೆ, ಸ್ಮೃತಿ, ಗುಣಕೀರ್ತನ, ಉದ್ವೇಗ, ಪ್ರಲಾಪ, ಉನ್ಮಾದ ಎಂಬ ಏಳು ಮೆಟ್ಟಿಲುಗಳನ್ನು ದಾಟಿದ ಮೇಲೆ ವ್ಯಾಧಿ, ಅದರಾಚೆಗೆ ಜಡತೆ, ಕಟ್ಟಕಡೆಗೆ ಮರಣ. ಭರತಮುನಿ ಹೇಳಿದ ಮೂವತ್ತಮೂರು ವ್ಯಭಿಚಾರಿ ಭಾವಗಳಲ್ಲಿಯೂ ವ್ಯಾಧಿಯು ಒಂದು. ಆ ಕಾವ್ಯಪ್ರಪಂಚದಲ್ಲಿ ಪ್ರೇಮವು ಕಾರಣ, ರೋಗವು ಕಾರ್ಯ. ಬಾಣನ ಕಾದಂಬರಿಯನ್ನು ನಾಗವರ್ಮನ ಕನ್ನಡದಲ್ಲಿ ಓದಿದವರಿಗೆ ಪುಂಡರೀಕನ ನೆನಪಾಗದೆ ಇರದು. ಮಹಾಶ್ವೇತೆಯನ್ನು ಒಮ್ಮೆ ಕಂಡ ಆ ಋಷಿಕುಮಾರನು ವಿರಹದ ತಾಪದಲ್ಲಿ ಬೆಂದು, ಅವಳು ಬಂದು ಸೇರುವ ಮೊದಲೇ ಪ್ರಾಣ ಬಿಡುತ್ತಾನೆ. ಅವನನ್ನು ಕೊಂದ ರೋಗಕ್ಕೆ ಪ್ರೇಮವಲ್ಲದೆ ಬೇರೆ ಹೆಸರಿಲ್ಲ.

ಆ ಗ್ರಂಥದ ಹೆಸರೇ ಮುಂದೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಒಂದು ಸಾಹಿತ್ಯಪ್ರಕಾರಕ್ಕೆ ಹೆಸರಾಯಿತು. ಆದರೆ ಆಧುನಿಕ ಕಾದಂಬರಿಯಲ್ಲಿ ಈ ಕ್ರಮವು ತಿರುವುಮುರುವಾಗಿದೆ. ಇಲ್ಲಿ ರೋಗವು ಮೊದಲು ಬರುತ್ತದೆ. ಪ್ರೇಮವು ಆಮೇಲೆ ರೋಗಿಯ ಕೋಣೆಯ ಬಾಗಿಲನ್ನು ತಟ್ಟುತ್ತದೆ. ಹರೆಯದ ಹುಡುಗಿಯೋ ಹುಡುಗನೋ ಕಾಯಿಲೆಯಿಂದ ಲೋಕಕ್ಕೆ ದೂರವಾಗಿರುವಾಗ ಪ್ರಣಯವು ಅಂಕುರಿಸುವ ಕಥೆಗಳು ಈಚಿನ ವರ್ಷಗಳಲ್ಲಿ ಹೇರಳವಾಗಿ ಬಂದಿವೆ. ನಮ್ಮ ವಿದ್ಯಾರ್ಥಿಗಳು ಇವನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಚಿತ್ರಪಟದಲ್ಲಿ ನೋಡುವುದೇ ಹೆಚ್ಚು. ಅಮೆರಿಕದ ಜಾನ್ ಗ್ರೀನ್ ೨೦೧೨ರಲ್ಲಿ ಪ್ರಕಟಿಸಿದ ಕ್ಯಾನ್ಸರ್‌ಪೀಡಿತ ತರುಣ ತರುಣಿಯರ ಕಾದಂಬರಿಯು 'ದಿಲ್ ಬೇಚಾರಾ' ಎಂಬ ಹಿಂದಿ ಚಿತ್ರವಾಗಿ ೨೦೨೦ರ ಜುಲೈಯಲ್ಲಿ ಮನೆಮನೆಯ ಫೋನುಗಳಿಗೆ ಬಂದಿತು. ಆಗ ಶಾಲೆಗಳು ಮುಚ್ಚಿದ್ದವು. ಸೊಲ್ಲಾಪುರದ ಓಣಿಗಳಲ್ಲಿಯೂ ಅಕ್ಕಲಕೋಟೆಯ ಹಳ್ಳಿಗಳಲ್ಲಿಯೂ ಮಕ್ಕಳು ರೋಗದ ಭಯದಿಂದ ಮನೆಯೊಳಗೆ ಕೂತಿದ್ದರು. ಕಥೆಯೊಳಗಿನ ಕೋಣೆಯನ್ನು ನೋಡುವವರು ತಾವೇ ಒಂದು ಕೋಣೆಯಲ್ಲಿ ಇದ್ದರು. ಆದುದರಿಂದ ಇಂಥ ಕಥೆಗಳನ್ನು 'ಹುಡುಗರ ಹುಚ್ಚು' ಎಂದು ತಳ್ಳಿಬಿಡುವುದು ಅಧ್ಯಾಪಕರಿಗೆ ಸಲ್ಲದು. ಇವುಗಳ ಗುಣದೋಷಗಳನ್ನು ವಿವೇಚಿಸುವುದು ಅವಶ್ಯವಾಗಿದೆ.

ಈ ವಿವೇಚನೆಗೆ ನಿಕೋಲಾ ಯೂನ್ ಎಂಬ ಲೇಖಕಿಯ 'ಎವೆರಿಥಿಂಗ್, ಎವೆರಿಥಿಂಗ್' ಎಂಬ ಕಾದಂಬರಿಯನ್ನು ಆರಿಸಿಕೊಳ್ಳೋಣ. ೨೦೧೫ರಲ್ಲಿ ಪ್ರಕಟವಾದ ಇದು ಲೇಖಕಿಯ ಮೊದಲನೆಯ ಕೃತಿ. ೨೦೧೭ರಲ್ಲಿ ಚಿತ್ರವೂ ಆಯಿತು. ಕಥೆಯ ಸಾರವಿಷ್ಟು: ಮ್ಯಾಡೆಲಿನ್ ಎಂಬ ಹದಿನೆಂಟು ವರ್ಷದ ಹುಡುಗಿಗೆ ದೇಹದ ರೋಗನಿರೋಧಕ ಶಕ್ತಿಯೇ ಇಲ್ಲವೆಂದು ಎಳವೆಯಿಂದಲೂ ಹೇಳಲಾಗಿದೆ. ಆಕೆ ಲಾಸ್ ಏಂಜಲಿಸ್ ನಗರದ ತನ್ನ ಮನೆಯನ್ನು ಬಿಟ್ಟು ಹೊರಗೆ ಬಂದವಳಲ್ಲ. ಒಳಗೆ ಬರುವ ಗಾಳಿಯನ್ನು ಯಂತ್ರವು ಶೋಧಿಸಿ ಬಿಡುತ್ತದೆ. ಆಕೆಯ ಪ್ರಪಂಚದಲ್ಲಿ ಇರುವವರು ವೈದ್ಯೆಯಾದ ತಾಯಿ, ಶುಶ್ರೂಷಕಿ ಕಾರ್ಲಾ, ಮತ್ತು ಪುಸ್ತಕಗಳು. ನೆರೆಮನೆಗೆ ಆಲಿ ಎಂಬ ತರುಣನು ಬರುತ್ತಾನೆ. ಮೊದಲು ಕಿಟಕಿಯ ಗಾಜಿನಿಂದ ಸನ್ನೆ, ಆಮೇಲೆ ಮಿಂಚಂಚೆ, ಆಮೇಲೆ ಕಾರ್ಲಾಳ ಕರುಣೆಯಿಂದ ಗುಟ್ಟಾಗಿ ಭೇಟಿ. ತಾಯಿಗೆ ಇದು ತಿಳಿದು ಶುಶ್ರೂಷಕಿಯು ಕೆಲಸವನ್ನು ಕಳೆದುಕೊಳ್ಳುತ್ತಾಳೆ. ಒಂದು ದಿನವಾದರೂ ಬದುಕಿ ನೋಡಬೇಕೆಂದು ಹುಡುಗಿಯು ಆಲಿಯೊಡನೆ ಹವಾಯಿ ದ್ವೀಪಕ್ಕೆ ಹೋಗುತ್ತಾಳೆ. ಅಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆಗೆ ಸೇರುತ್ತಾಳೆ. ತಾಯಿಯು ಬಂದು ಮರಳಿ ಕರೆದೊಯ್ಯುತ್ತಾಳೆ. ಮುಂದೆ ಅಲ್ಲಿಯ ವೈದ್ಯೆಯ ಪತ್ರದಿಂದ ನಿಜವು ಹೊರಬೀಳುತ್ತದೆ. ಮ್ಯಾಡೆಲಿನ್‌ಗೆ ಆ ರೋಗವು ಇರಲೇ ಇಲ್ಲ. ಗಂಡನನ್ನೂ ಮಗನನ್ನೂ ಅಪಘಾತದಲ್ಲಿ ಕಳೆದುಕೊಂಡ ತಾಯಿಯು ಉಳಿದ ಒಂದು ಕೂಸನ್ನು ಕಾಪಾಡುವ ಭ್ರಮೆಯಲ್ಲಿ ಆ ರೋಗವನ್ನು ತಾನೇ ನಂಬಿ, ಮಗಳನ್ನೂ ನಂಬಿಸಿದ್ದಳು.

ಕೃತಿಯ ಗುಣಗಳನ್ನು ಮೊದಲು ಹೇಳಬೇಕು. ಇಡೀ ಕಥೆಯು ಹುಡುಗಿಯ ಬಾಯಿಂದಲೇ ಬರುತ್ತದೆ. ಅಧ್ಯಾಯಗಳು ಚಿಕ್ಕವು, ಕೆಲವೊಮ್ಮೆ ಒಂದೇ ವಾಕ್ಯ. ನಡುನಡುವೆ ಆಕೆಯ ಸ್ವಂತ ನಿಘಂಟು, ಓದಿದ ಪುಸ್ತಕಗಳ ಮೇಲೆ ಚುಟುಕು ಟಿಪ್ಪಣಿ, ರೋಗದ ದಿನವಹಿ, ಲೇಖಕಿಯ ಪತಿ ಬರೆದ ರೇಖಾಚಿತ್ರಗಳು. ನಾಲ್ಕು ಗೋಡೆಗಳ ನಡುವೆ ಬೆಳೆದ ಚುರುಕು ಬುದ್ಧಿಯ ಹುಡುಗಿಗೆ ದಿನಗಳನ್ನು ತುಂಬಿಸಲು ಇಂಥ ಆಟಗಳೇ ಗತಿ ಎಂಬುದು ಸಹಜವಾಗಿಯೇ ತೋರುತ್ತದೆ. ಎರಡನೆಯ ಗುಣವು ಇನ್ನೂ ದೊಡ್ಡದು. ಅತಿಪ್ರೀತಿಯು ಸೆರೆಮನೆಯಾಗಬಲ್ಲುದು ಎಂಬ ಮಾತನ್ನು ಲೇಖಕಿಯು ಧೈರ್ಯದಿಂದ ಆಡಿದ್ದಾಳೆ. ಆ ತಾಯಿಯು ರಾಕ್ಷಸಿಯಲ್ಲ. ಅವಳ ದುಃಖವು ನಿಜವಾದುದು. ದುಃಖವು ನಿಜವಾಗಿರುವುದರಿಂದಲೇ ಅವಳ ಅಪರಾಧವು ನಮ್ಮನ್ನು ಅಲುಗಿಸುತ್ತದೆ. ಮೂರನೆಯದಾಗಿ, ಹುಡುಗಿಗೆ ಪ್ರಿಯವಾದ ಸೇಂಟ್ ಎಕ್ಸೂಪೆರಿಯ 'ಪುಟ್ಟ ರಾಜಕುಮಾರ'ನ ಕಥೆಯನ್ನು ಇಲ್ಲಿ ಸೇರಿಸಿರುವುದು ಉಚಿತವಾಗಿದೆ. ೧೯೪೩ರಲ್ಲಿ ಬಂದ ಆ ಕಥೆಯಲ್ಲಿ ರಾಜಕುಮಾರನು ತನ್ನ ಗುಲಾಬಿಯನ್ನು ಗಾಳಿ ತಾಗದಂತೆ ಗಾಜಿನ ಮುಚ್ಚಳದಲ್ಲಿ ಇಡುತ್ತಾನೆ. ಅವನು ಹೊರಡುವ ದಿನ ಗುಲಾಬಿಯೇ ಆ ಮುಚ್ಚಳವು ತನಗೆ ಬೇಡವೆನ್ನುತ್ತದೆ. ಗಾಜಿನೊಳಗಿನ ಹುಡುಗಿಗೆ ಗಾಜಿನೊಳಗಿನ ಹೂವಿನ ಕಥೆಯು ಒಡನಾಡಿಯಾದುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ದೋಷ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದನು. ಈ ಕೃತಿಯ ಔಚಿತ್ಯವು ಕೆಡುವುದು ಕೊನೆಯ ತಿರುವಿನಲ್ಲಿ. ಇನ್ನೂರಕ್ಕೂ ಹೆಚ್ಚು ಪುಟಗಳವರೆಗೆ ನಾವು ಕೇಳುತ್ತಿರುವ ಪ್ರಶ್ನೆ ಒಂದೇ: ಗುಣವಾಗದ ರೋಗವುಳ್ಳವಳು ಪ್ರೀತಿಸಬಹುದೆ, ಪ್ರೀತಿಸಿದರೆ ಹೇಗೆ ಬದುಕಬೇಕು? ಇದು ಗಂಭೀರವಾದ ಪ್ರಶ್ನೆ. ಲೇಖಕಿಯು ಇದಕ್ಕೆ ಉತ್ತರ ಕೊಡದೆ, ರೋಗವೇ ಇರಲಿಲ್ಲವೆಂದು ಪ್ರಶ್ನೆಯನ್ನೇ ಅಳಿಸಿಬಿಟ್ಟಳು. ಲೆಕ್ಕವು ಬಿಡಿಸಲಾರದಷ್ಟು ಕಠಿಣವಾದಾಗ ಹಲಗೆಯನ್ನೇ ಒರೆಸುವ ಹುಡುಗನ ಜಾಣತನವಿದು. ನಿಜವಾಗಿ ರೋಗವುಳ್ಳ ಹುಡುಗಿಯೊಬ್ಬಳು ಈ ಪುಸ್ತಕವನ್ನು ಓದಿದರೆ ಅವಳಿಗೆ ಸಿಕ್ಕುವ ತಾತ್ಪರ್ಯವೇನು? ರೋಗವಿಲ್ಲದವಳಿಗೆ ಮಾತ್ರ ಪ್ರೇಮವು ಫಲಿಸುತ್ತದೆ, ನಿನಗಲ್ಲ ಎಂದಲ್ಲವೆ? ಈ ಆಕ್ಷೇಪವನ್ನು ಅಂಗವಿಕಲರೂ ದೀರ್ಘರೋಗಿಗಳೂ ಆದ ಓದುಗರು ಎತ್ತಿದ್ದಾರೆ. ಅದು ನ್ಯಾಯವಾದ ಆಕ್ಷೇಪ.

ವಾಸ್ತವ ಸಂಗತಿಯನ್ನು ನೋಡಿದರೆ ಈ ದೋಷವು ಇನ್ನೂ ಸ್ಪಷ್ಟವಾಗುತ್ತದೆ. ಕಾದಂಬರಿಯು ಹೇಳುವ ರೋಗವು ಕಲ್ಪಿತವಲ್ಲ. ಹುಟ್ಟಿನಿಂದಲೇ ರೋಗನಿರೋಧಕ ಕಣಗಳು ಕೆಲಸ ಮಾಡದ ಶಿಶುಗಳು ಚಿಕಿತ್ಸೆಯಿಲ್ಲದಿದ್ದರೆ ಬಹುಮಟ್ಟಿಗೆ ಮೊದಲ ಒಂದೆರಡು ವರ್ಷಗಳಲ್ಲಿಯೇ ಸೋಂಕಿಗೆ ಬಲಿಯಾಗುತ್ತವೆ. ೧೯೬೮ರಲ್ಲಿ ಅಮೆರಿಕದಲ್ಲಿ ಇಂಥ ಶಿಶುವೊಂದಕ್ಕೆ ಅಸ್ಥಿಮಜ್ಜೆಯ ಕಸಿ ಸಫಲವಾಯಿತು; ಅಂದಿನಿಂದ ಅದೇ ಮುಖ್ಯ ಚಿಕಿತ್ಸೆ. ಎಳೆಯ ತಿಂಗಳುಗಳಲ್ಲಿಯೇ ಮಾಡಿದರೆ ಅದು ಹೆಚ್ಚಾಗಿ ಫಲಿಸುತ್ತದೆ. ಟೆಕ್ಸಾಸ್ ಪ್ರಾಂತದ ಡೇವಿಡ್ ವೆಟರ್ ಎಂಬ ಬಾಲಕನು ೧೯೭೧ರಲ್ಲಿ ಹುಟ್ಟಿದ ಕೂಡಲೆ ಪ್ಲಾಸ್ಟಿಕ್ಕಿನ ನಿರ್ಜಂತು ಗೂಡಿಗೆ ಸೇರಿದನು. ಹನ್ನೆರಡು ವರ್ಷಗಳ ಕಾಲ ತಾಯಿಯ ಕೈಯು ಅವನ ಬರಿಯ ಮೈಯನ್ನು ಮುಟ್ಟಲಿಲ್ಲ. ಅಕ್ಕನ ಅಸ್ಥಿಮಜ್ಜೆಯನ್ನು ಕಸಿಮಾಡಿದಾಗ ಅದರಲ್ಲಿ ಅಡಗಿದ್ದ ವಿಷಾಣುವಿನಿಂದ ಕಾಯಿಲೆಯಾಗಿ, ಗೂಡಿನಿಂದ ಹೊರಬಂದ ಕೆಲವು ದಿನಗಳಲ್ಲಿ, ೧೯೮೪ರ ಫೆಬ್ರುವರಿ ೨೨ರಂದು ತೀರಿಕೊಂಡನು. ಇಂಥ ಬಾಳು ನಿಜವಾಗಿಯೂ ನಡೆದಿರುವಾಗ, ವೈದ್ಯೆಯ ಮಗಳೊಬ್ಬಳು ಹದಿನೆಂಟು ವರ್ಷ ಗಾಳಿ ಶೋಧಿಸುವ ಯಂತ್ರದ ಬಲದಿಂದಲೇ ಬದುಕಿದಳೆಂದರೆ ಓದುಗನು ಮೊದಲೇ ಶಂಕಿಸಬೇಕು. ಶಂಕೆಯು ಹುಟ್ಟದಂತೆ ಲೇಖಕಿಯು ವೈದ್ಯಶಾಸ್ತ್ರವನ್ನು ಮಬ್ಬಿನಲ್ಲಿಟ್ಟಿದ್ದಾಳೆ. ಕಥೆಯ ಗುಟ್ಟನ್ನು ಕಾಯುವುದಕ್ಕಾಗಿ ರೋಗದ ನಿಜವನ್ನು ಬಲಿಕೊಟ್ಟಂತಾಯಿತು.

ಇದೇ ವಸ್ತುವನ್ನು ನಮ್ಮ ದೇಶದ ಮಹಾಕವಿಯೊಬ್ಬನು ಒಂದು ಶತಮಾನದ ಹಿಂದೆಯೇ ಕೈಗೆತ್ತಿಕೊಂಡಿದ್ದನು. ರವೀಂದ್ರನಾಥ ಠಾಕೂರರ 'ಡಾಕ್‌ಘರ್', ಎಂದರೆ 'ಅಂಚೆಮನೆ', ೧೯೧೨ರಲ್ಲಿ ಪ್ರಕಟವಾದ ನಾಟಕ. ಅಮಲ ಎಂಬ ಬಾಲಕನು ಮಾಧವನ ಸಾಕುಮಗ. ಶರತ್ಕಾಲದ ಬಿಸಿಲೂ ಗಾಳಿಯೂ ಆಗದೆಂದು ಕವಿರಾಜನು ಅವನನ್ನು ಮನೆಯೊಳಗೆ ಇರಿಸಿದ್ದಾನೆ. ಅಮಲನು ಕಿಟಕಿಯ ಬಳಿ ಕುಳಿತು ದಾರಿಯಲ್ಲಿ ಹೋಗುವವರನ್ನೆಲ್ಲ ಮಾತನಾಡಿಸುತ್ತಾನೆ. ಮೊಸರು ಮಾರುವವನ ಹಳ್ಳಿಯನ್ನು ಕಾಣದೆಯೇ ಕಾಣುತ್ತಾನೆ. ಕಾವಲುಗಾರನ ಗಂಟೆಯ ಅರ್ಥವನ್ನು ಕೇಳುತ್ತಾನೆ. ಎದುರಿಗೆ ತೆರೆದ ಅಂಚೆಮನೆಯಿಂದ ತನಗೂ ರಾಜನ ಓಲೆ ಬರುವುದೆಂದು ಕಾಯುತ್ತಾನೆ. ಹೂವು ಕೊಯ್ಯಲು ಹೊರಟ ಸುಧಾ ಎಂಬ ಹುಡುಗಿಯು ಮರಳಿ ಬರುವೆನೆಂದು ಮಾತು ಕೊಟ್ಟು ಹೋಗುತ್ತಾಳೆ. ಕೊನೆಗೆ ರಾಜವೈದ್ಯನು ಬಂದು ಮುಚ್ಚಿದ ಬಾಗಿಲು ಕಿಟಕಿಗಳನ್ನೆಲ್ಲ ತೆರೆಸುತ್ತಾನೆ. ಅಮಲನು ನಿದ್ರೆಗೆ ಜಾರಿದ ಮೇಲೆ ಸುಧಾ ಹೂವಿನೊಡನೆ ಬರುತ್ತಾಳೆ; ತಾನು ಮರೆತಿಲ್ಲವೆಂದು ಅವನಿಗೆ ತಿಳಿಸಬೇಕೆಂದು ಬೇಡುತ್ತಾಳೆ.

ಇದನ್ನು ಪ್ರಣಯವೆಂದು ಕರೆಯಲು ಸಂಕೋಚವಾಗಬಹುದು. ಪ್ರಣಯಕ್ಕೆ ಹೆಸರು ಬರುವ ಮೊದಲಿನ ಒಂದು ಬಾಂಧವ್ಯವಿದು. ಆದರೂ ಕೋಣೆ, ಕಿಟಕಿ, ಪ್ರೀತಿಯಿಂದ ಕಾವಲು ಕಾಯುವ ಹಿರಿಯರು, ಹೊರಗಿನಿಂದ ಬರುವ ಗೆಳೆತನ ಎಂಬ ನಾಲ್ಕು ಅಂಗಗಳೂ ಯೂನಳ ಕಾದಂಬರಿಯಲ್ಲಿ ಇರುವಂಥವೇ. ಭೇದವು ಎಲ್ಲಿದೆ? ಠಾಕೂರರು ಅಮಲನ ರೋಗವನ್ನು ಅಳಿಸಲಿಲ್ಲ. ರೋಗವಿದ್ದರೂ ಅವನನ್ನು ಎಲ್ಲರಿಗಿಂತ ಹೆಚ್ಚು ಜೀವಂತನನ್ನಾಗಿ ಮಾಡಿದರು. ಅವನೊಡನೆ ಮಾತನಾಡಿದವರೆಲ್ಲ ತಮ್ಮ ಕೆಲಸವನ್ನು ಹೊಸ ಕಣ್ಣಿನಿಂದ ನೋಡುತ್ತಾರೆ. ಮೊಸರು ಮಾರುವವನಿಗೆ ತನ್ನ ಮಾರಾಟದಲ್ಲಿಯೇ ಸುಖವಿದೆಯೆಂದು ಅಂದು ತಿಳಿಯುತ್ತದೆ. ರೋಗಿಯು ಇಲ್ಲಿ ಪಡೆಯುವವನು ಮಾತ್ರವಲ್ಲ, ಕೊಡುವವನು. ಈ ನಾಟಕವು ೧೯೧೩ರಲ್ಲಿ ಡಬ್ಲಿನ್ನಿನ ಆ್ಯಬಿ ರಂಗಮಂದಿರದಲ್ಲಿ ಆಡಲ್ಪಟ್ಟಿತು. ೧೯೪೨ರ ಜುಲೈ ೧೮ರಂದು ವಾರ್ಸಾ ನಗರದಲ್ಲಿ ನಾಜಿಗಳು ಯಹೂದ್ಯರನ್ನು ಕೂಡಿಹಾಕಿದ್ದ ಕೇರಿಯಲ್ಲಿ, ಯಾನುಷ್ ಕೊರ್ಚಾಕ್ ಎಂಬ ವೈದ್ಯ ಶಿಕ್ಷಕನ ಅನಾಥಾಲಯದ ಮಕ್ಕಳು ಇದನ್ನು ಆಡಿದರು. ಮುಂದಿನ ತಿಂಗಳ ಆರಂಭದಲ್ಲಿಯೇ ಆ ಮಕ್ಕಳನ್ನೂ ಅವರ ಗುರುವನ್ನೂ ಟ್ರೆಬ್ಲಿಂಕಾದ ವಧಾಸ್ಥಾನಕ್ಕೆ ಒಯ್ದರು. ಬಾಗಿಲು ತೆರೆಯುವ ಭರವಸೆಯೇ ಇಲ್ಲದವರ ಕೈಯಲ್ಲಿಯೂ ಸುಳ್ಳಾಗದೆ ನಿಂತ ನಾಟಕವಿದು. ಯೂನಳ ಕಾದಂಬರಿಯನ್ನು ಈ ಒರೆಗಲ್ಲಿಗೆ ತಿಕ್ಕಿದರೆ ಅದರ ಚಿನ್ನವೂ ಕಾಣುತ್ತದೆ, ಬೆರಕೆಯೂ ಕಾಣುತ್ತದೆ.

ಕನ್ನಡದಲ್ಲಿ ಈ ವಸ್ತುವಿಗೆ ಹತ್ತಿರವಾದುದು ಯಾವುದು? ಚಿತ್ರಪಟಗಳಲ್ಲಿ ನೋಡುವುದಾದರೆ ೧೯೮೧ರಲ್ಲಿ ಶಂಕರನಾಗ್ ನಿರ್ದೇಶಿಸಿದ 'ಗೀತಾ' ಎಲ್ಲರಿಗೂ ಪರಿಚಿತ. ರಕ್ತದ ಕ್ಯಾನ್ಸರ್ ತಗುಲಿದ ತರುಣಿಯೂ ಹಾಡುಗಾರನಾದ ತರುಣನೂ ಅದರ ನಾಯಿಕಾನಾಯಕರು. ಅದರ ಹಾಡುಗಳು ಇಂದಿಗೂ ನಮ್ಮ ಮದುವೆಯ ಮಂಟಪಗಳಲ್ಲಿ ಕೇಳಿಬರುತ್ತವೆ. ಅವು ರೋಗದ ಕಥೆಯೊಂದಕ್ಕೆ ಸೇರಿದವೆಂಬುದನ್ನು ಕೇಳುವವರು ಮರೆತಿದ್ದಾರೆ. ಅಲ್ಲಿ ರೋಗವು ಪ್ರೇಮದ ಅವಧಿಯನ್ನು ಕಿರಿದುಗೊಳಿಸಿ ಅದರ ಮಾಧುರ್ಯವನ್ನು ಹೆಚ್ಚಿಸುವ ಉಪಾಯ. ಇದು ಕರುಣರಸದ ಹಳೆಯ ಹಾದಿ. ತಪ್ಪು ಹಾದಿಯಲ್ಲ, ಆದರೆ ಸುಲಭದ ಹಾದಿ.

ಕಷ್ಟದ ಹಾದಿಯನ್ನು ಹಿಡಿದವರು ತ್ರಿವೇಣಿಯವರು. ೧೯೨೮ರಲ್ಲಿ ಹುಟ್ಟಿ, ಮನಃಶಾಸ್ತ್ರವನ್ನು ಓದಿ, ೧೯೬೩ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ಅಕಾಲ ಮರಣಕ್ಕೆ ತುತ್ತಾದ ಈ ಲೇಖಕಿಯು ಮನೋರೋಗವನ್ನು ಕನ್ನಡ ಕಾದಂಬರಿಯ ಗಂಭೀರ ವಸ್ತುವನ್ನಾಗಿ ಮಾಡಿದರು. ೧೯೭೧ರಲ್ಲಿ ಪುಟ್ಟಣ್ಣ ಕಣಗಾಲರು ಚಿತ್ರವಾಗಿ ತೆಗೆದ 'ಶರಪಂಜರ'ದ ನಾಯಿಕೆ ಕಾವೇರಿಯು ಹದಿಹರೆಯದವಳಲ್ಲ, ಎಳೆಯ ತಾಯಿ. ಹೆರಿಗೆಯ ತರುವಾಯ ಮನಸ್ಸು ಕೆಟ್ಟು ಆಸ್ಪತ್ರೆಗೆ ಸೇರಿ, ಗುಣಹೊಂದಿ ಮನೆಗೆ ಬರುತ್ತಾಳೆ. ಆದರೆ ಗುಣವಾದುದನ್ನು ಮನೆಯವರಾಗಲಿ ನೆರೆಯವರಾಗಲಿ ನಂಬುವುದಿಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಪ್ರೀತಿಸಿ ಕೈಹಿಡಿದ ಗಂಡನೇ ದೂರವಾಗುತ್ತಾನೆ. ರೋಗವು ಬಿಟ್ಟುಹೋದರೂ ರೋಗಿಯೆಂಬ ಹೆಸರು ಬಿಡಲಿಲ್ಲ. ಆ ಹೆಸರೇ ಅವಳನ್ನು ಮರಳಿ ರೋಗಕ್ಕೆ ನೂಕಿತು. ಯೂನಳ ಕಥೆಯಲ್ಲಿ ರೋಗವಿಲ್ಲದವಳನ್ನು ತಾಯಿಯು ರೋಗಿಯೆಂದಳು. ತ್ರಿವೇಣಿಯವರ ಕಥೆಯಲ್ಲಿ ರೋಗ ವಾಸಿಯಾದವಳನ್ನು ಸಮಾಜವು ರೋಗಿಯೆಂದಿತು. ಎರಡರ ಬೀಜವೂ ಒಂದೇ. ಆದರೆ ಯೂನಳ ಹುಡುಗಿಗೆ ಸತ್ಯವು ತಿಳಿದೊಡನೆ ಬಾಗಿಲು ತೆರೆಯುತ್ತದೆ, ವಿಮಾನವು ಕಾಯುತ್ತಿರುತ್ತದೆ, ನ್ಯೂಯಾರ್ಕಿನ ಹಳೆಯ ಪುಸ್ತಕದಂಗಡಿಯಲ್ಲಿ ಪ್ರಿಯನು ಸಿಗುತ್ತಾನೆ. ಕಾವೇರಿಗೆ ಸತ್ಯವು ಮೊದಲಿನಿಂದಲೂ ತಿಳಿದಿತ್ತು, ತಿಳಿದು ಪ್ರಯೋಜನವಾಗಲಿಲ್ಲ. ಒಬ್ಬಳ ಸತ್ಯವನ್ನು ಇತರರು ಒಪ್ಪದ ಹೊರತು ಅವಳ ಬಾಗಿಲು ತೆರೆಯುವುದಿಲ್ಲ ಎಂಬುದನ್ನು ತ್ರಿವೇಣಿಯವರು ಹೆಚ್ಚು ಆಳವಾಗಿ ಅರಿತಿದ್ದರು.

ಈ ಚರ್ಚೆಯು ನಮ್ಮ ಕಡೆಯ ಬದುಕಿಗೆ ಹೊರತಾದುದೆಂದು ಯಾರೂ ಭಾವಿಸಬಾರದು. ಕ್ಷಯವೆಂಬ ಹೆಸರು ಕಿವಿಗೆ ಬಿದ್ದೊಡನೆ ಹುಡುಗಿಯ ತಾಟು ತಂಬಿಗೆಗಳು ಬೇರೆಯಾಗುವುದು, ಮೂರ್ಛೆರೋಗವಿದ್ದವಳನ್ನು ಶಾಲೆಯಿಂದ ಬಿಡಿಸಿ ಒಳಮನೆಯಲ್ಲಿ ಕೂಡಿಸುವುದು, ವರನ ಕಡೆಯವರಿಗೆ ತಿಳಿಯದಿರಲೆಂದು ಔಷಧದ ಶೀಸೆಯನ್ನು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಡುವುದು ಭೀಮೆ ಸೀನೆಗಳ ನಾಡಿನ ಅಧ್ಯಾಪಕರಿಗೆ ಹೊಸ ಸಂಗತಿಗಳೇನಲ್ಲ. ಯೋಗ್ಯವಾದ ಔಷಧವು ಕ್ರಮವಾಗಿ ನಡೆದರೆ ಕ್ಷಯದ ಸೋಂಕು ಹರಡುವ ಶಕ್ತಿಯು ಕೆಲವು ವಾರಗಳಲ್ಲಿಯೇ ಬಹುಮಟ್ಟಿಗೆ ಕುಗ್ಗುತ್ತದೆ. ಮೂರ್ಛೆರೋಗವು ಒಬ್ಬರಿಂದ ಒಬ್ಬರಿಗೆ ಅಂಟುವುದೇ ಇಲ್ಲ. ಕುಷ್ಠಕ್ಕೆ ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ೧೯೮೧ರಲ್ಲಿಯೇ ಶಿಫಾರಸು ಮಾಡಿತು. ಆದರೂ ಕುಷ್ಠರೋಗಿಗಳನ್ನು ಪ್ರತ್ಯೇಕವಾಗಿ ಇಡುವ ೧೮೯೮ರ ಕಾಯಿದೆಯು ನಮ್ಮ ದೇಶದಲ್ಲಿ ರದ್ದಾದುದು ೨೦೧೬ರಲ್ಲಿ. ಆ ರೋಗದ ಕಾರಣದಿಂದ ವಿಚ್ಛೇದನ ಪಡೆಯುವ ಅವಕಾಶವು ವಿವಾಹದ ಕಾಯಿದೆಗಳಿಂದ ಹೋದುದು ೨೦೧೯ರಲ್ಲಿ. ರೋಗಕ್ಕೆ ಮದ್ದು ಬಂದ ಮೇಲೆಯೂ ಮೂರೂವರೆ ದಶಕಗಳಿಗಿಂತ ಹೆಚ್ಚು ಕಾಲ ಬಾಗಿಲನ್ನು ಮುಚ್ಚಿಯೇ ಇಟ್ಟವರು ಯಾರು? ಇದಕ್ಕೆ ಯೂನಳ ಕಥೆಯ ತಾಯಿಯೊಬ್ಬಳನ್ನು ದೂರಿದರೆ ಸಾಲದು.

ಸೊಲ್ಲಾಪುರದವರಿಗೆ ಇನ್ನೊಂದು ದೃಷ್ಟಾಂತವು ಮನೆಯ ಬಾಗಿಲಲ್ಲಿಯೇ ಇದೆ. ೧೯೧೦ರಲ್ಲಿ ಈ ಊರಿನಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟಣೀಸರು ಚೀನ ದೇಶದ ಯುದ್ಧಭೂಮಿಗೆ ಹೋಗಿ ಗಾಯಾಳುಗಳ ಸೇವೆ ಮಾಡಿದರು. ೧೯೪೧ರಲ್ಲಿ ಗುವೊ ಚಿಂಗ್ಲಾನ್ ಎಂಬ ಶುಶ್ರೂಷಕಿಯನ್ನು ಮದುವೆಯಾದರು. ಮರುವರ್ಷ ಅವರಿಗೆ ಒಬ್ಬ ಮಗನು ಹುಟ್ಟಿದನು. ೧೯೪೨ರ ಡಿಸೆಂಬರ್ ೯ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ಅವರು ಅಪಸ್ಮಾರದ ಆಘಾತದಿಂದ ತೀರಿಕೊಂಡರು. ಶಾಂತಾರಾಮರು ೧೯೪೬ರಲ್ಲಿ ತೆಗೆದ ಚಿತ್ರದಲ್ಲಿ ಈ ಪ್ರೇಮಕಥೆಯನ್ನು ನೋಡಿದವರು ಬಹುಮಂದಿ. ಕೋಟಣೀಸರ ಹೆಸರಿಗೆ ನಮಸ್ಕರಿಸುವ ಊರಿನಲ್ಲಿಯೇ ಅದೇ ರೋಗವುಳ್ಳ ಹುಡುಗಿಯನ್ನು ಒಳಮನೆಗೆ ಸೇರಿಸುವುದು ಎಂಥ ವಿಪರ್ಯಾಸ! ಇದೇ ಊರಿನ ಡಿ.ಎ.ವಿ. ಕಾಲೇಜಿನಲ್ಲಿ ೧೯೪೪ರಿಂದ ೧೯೫೬ರವರೆಗೆ ಕನ್ನಡ ಕಲಿಸಿದ ಬೇಂದ್ರೆಯವರು ಸ್ವಂತ ಮಕ್ಕಳ ಸಾವನ್ನು ಕಂಡವರು. ಅವರ ಶೋಕದ ಕವಿತೆಗಳು ಓದುಗನ ಮರುಕವನ್ನು ಬೇಡುವುದಿಲ್ಲ. ದುಃಖವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತವೆ. ರೋಗದ ಸಾಹಿತ್ಯಕ್ಕೂ ಆ ನೋಟವೇ ಬೇಕು.

ಹಾಗಾದರೆ ವಿದ್ಯಾರ್ಥಿಗಳ ಕೈಯಲ್ಲಿ ಇಂಥ ಕಾದಂಬರಿಗಳನ್ನು ಕೊಡಬೇಕೆ? ಕೊಡಬೇಕು. ಪ್ರಣಯವೆಂಬ ಮಾತ್ರಕ್ಕೆ ಬೆದರುವುದು ಕಾಳಿದಾಸನನ್ನು ಪಾಠ ಹೇಳುವವರಿಗೆ ಶೋಭಿಸದು. ಆದರೆ ಕೊಡುವಾಗ ಕೆಲವು ಪ್ರಶ್ನೆಗಳನ್ನೂ ಕೊಡಬೇಕು. ಈ ಕಥೆಯಲ್ಲಿ ಬಾಗಿಲನ್ನು ಮುಚ್ಚಿದುದು ರೋಗವೋ, ಮನುಷ್ಯರೋ? ರೋಗಿಗೆ ಇತರರು ಕೊಡುವುದಷ್ಟೇ ಕಾಣುತ್ತದೆಯೋ, ರೋಗಿಯು ಇತರರಿಗೆ ಕೊಡುವುದೂ ಕಾಣುತ್ತದೆಯೋ? ಸುಖಾಂತ್ಯಕ್ಕಾಗಿ ಲೇಖಕನು ರೋಗವನ್ನಾದರೂ ರೋಗಿಯನ್ನಾದರೂ ಅಳಿಸಿದನೋ, ಇಬ್ಬರನ್ನೂ ಉಳಿಸಿಕೊಂಡು ದಾರಿಯನ್ನು ಹುಡುಕಿದನೋ? ಮೊದಲನೆಯ ಪ್ರಶ್ನೆಯಲ್ಲಿ ಯೂನಳ ಕೃತಿಯು ಉತ್ತಮವಾಗಿ ತೇರ್ಗಡೆಯಾಗುತ್ತದೆ. ಎರಡನೆಯದರಲ್ಲಿ ಮಧ್ಯಮ, ಏಕೆಂದರೆ ಮನೆಯಲ್ಲಿ ತಂದೆಯ ಕ್ರೌರ್ಯವನ್ನು ಉಂಡ ಆಲಿಗೆ ಅವಳು ಆಸರೆಯಾಗುವ ಭಾಗಗಳು ಚೆನ್ನಾಗಿದ್ದರೂ ಅವನ್ನು ಲೇಖಕಿಯು ಬೆಳೆಸಲಿಲ್ಲ. ಮೂರನೆಯದರಲ್ಲಿ ಕೃತಿಯು ಸೋತಿದೆ.

ಸೋತರೂ ಅದು ಓದಲು ಯೋಗ್ಯವಾದ ಸೋಲು. ಅದನ್ನು ಓದಿದ ಹುಡುಗಿಯು 'ಶರಪಂಜರ'ವನ್ನೂ 'ಅಂಚೆಮನೆ'ಯನ್ನೂ ಕೇಳಿ ಪಡೆಯುವಂತಾದರೆ ಅಧ್ಯಾಪಕರ ಕೆಲಸವು ಅರ್ಧ ನೆರವೇರಿದಂತೆ. ಉಳಿದ ಅರ್ಧವು ಪುಸ್ತಕದ ಹೊರಗಿದೆ. ತರಗತಿಯ ಹಾಜರಿಯಲ್ಲಿ ತಿಂಗಳುಗಟ್ಟಲೆ ಗೈರು ಎಂದು ಬಿದ್ದಿರುವ ಒಂದು ಹೆಸರಿನ ಮನೆಯನ್ನು ವಿಚಾರಿಸಿಕೊಂಡು ಹೋಗಿ, ಅವಳ ಪಾಠದ ಟಿಪ್ಪಣಿಗಳನ್ನು ಗೆಳತಿಯರ ಕೈಯಿಂದ ತಲುಪಿಸುವ ಏರ್ಪಾಡು ಮಾಡುವುದು ವಿಮರ್ಶೆಯ ವ್ಯಾಪ್ತಿಗೆ ಸೇರಿದುದಲ್ಲವೆಂದು ಕೆಲವರು ಹೇಳಬಹುದು. ಸುಧಾ ಹೂವು ತಂದುದು ತಡವಾಗಿ ಎಂಬುದನ್ನು ಬಲ್ಲ ಓದುಗರು ಹಾಗೆ ಹೇಳಲಾರರು.